ಕಣ್ಣಿನ ಹೊಸ ಚಿಕಿತ್ಸೆ: ನಂಬುವ ಮೊದಲು ಏನು ಕೇಳಬೇಕು?

1950ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಅವರ ಸಹೋದ್ಯೋಗಿಗಳಿಗೆ ತಾವೊಂದು ಪವಾಡದ ಔಷಧ ಕಂಡುಕೊಂಡೆವು ಎನಿಸಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಆಗ ಸಾಲುಸಾಲಾಗಿ ದೃಷ್ಟಿ ಕಳೆದುಕೊಳ್ಳುತ್ತಿದ್ದವು. ಅಂಥ ಕೂಸುಗಳಿಗೆ ಅವರು ಎಸಿಟಿಎಚ್ ಎಂಬ ಹಾರ್ಮೋನ್ ಕೊಟ್ಟು ನೋಡಿದರು. 31 ಮಕ್ಕಳಲ್ಲಿ 25 ಮಕ್ಕಳು ಚೆನ್ನಾಗಿರುವ ಕಣ್ಣುಗಳೊಂದಿಗೆ ಮನೆಗೆ ಹೋದವು. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಈ ಔಷಧ ಸಿಗದ ಏಳು ಮಕ್ಕಳಲ್ಲಿ ಆರು ಕುರುಡಾದವು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಇನ್ನೇನು ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೂ ಅವರು ಇನ್ನೊಂದು ಹೆಜ್ಜೆ ಇಟ್ಟರು. ಯಾವ ಮಗುವಿಗೆ ಔಷಧ, ಯಾವ ಮಗುವಿಗೆ ಬೇಡ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಪೆಟ್ಟಿಗೆಯಿಂದ ಬಣ್ಣದ ಗೋಲಿ ಎತ್ತಿ ನಿರ್ಧರಿಸಿದರು. ಫಲಿತಾಂಶ ತಲೆಕೆಳಗಾಯಿತು. ಔಷಧ ಪಡೆದ ಮಕ್ಕಳಲ್ಲಿ ಮೂರನೇ ಒಂದು ಭಾಗ ಕುರುಡಾದರೆ, ಪಡೆಯದವರಲ್ಲಿ ಐದನೇ ಒಂದು ಭಾಗ ಮಾತ್ರ. ಸಾವೂ ಔಷಧದ ಕಡೆಯೇ ಹೆಚ್ಚು. ಈ ಕಾಯಿಲೆಯ ಮೊದಲ ಲಕ್ಷಣ ಕಂಡ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಹಿಂದೆ ಸರಿಯುತ್ತದೆ. ತಾನಾಗಿ ವಾಸಿಯಾದದ್ದರ ಶ್ರೇಯಸ್ಸು ಔಷಧಕ್ಕೆ ಹೋಗಿತ್ತು. ಗೋಲಿ ಎತ್ತದೇ ಹೋಗಿದ್ದರೆ ಆ ಹಾರ್ಮೋನ್ ಇನ್ನೆಷ್ಟು ವರ್ಷ ಕೂಸುಗಳ ಮೈಸೇರುತ್ತಿತ್ತೋ.

ಕಣ್ಣಿನ ಚಿಕಿತ್ಸೆಯ ಬಗ್ಗೆ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ, ಆಸ್ಪತ್ರೆಯ ಪಡಸಾಲೆಯಲ್ಲಿ ಹೊಸ ಸುದ್ದಿ ಕಿವಿಗೆ ಬಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾರ ಜೊತೆ ಹೋಲಿಸಿ ನೋಡಿದರು? ನೂರು ಜನರಿಗೆ ಕೊಟ್ಟೆವು, ಎಂಬತ್ತು ಜನರಿಗೆ ಗುಣವಾಯಿತು ಎಂಬ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ. ಕೊಡದಿದ್ದರೆ ಎಷ್ಟು ಜನರಿಗೆ ಗುಣವಾಗುತ್ತಿತ್ತು ಎಂಬುದು ಉಳಿದರ್ಧ.

ಆಮ್ಲಜನಕದ ಪಾಠ

ಆ ಕೂಸುಗಳ ಕಣ್ಣು ಹೋಗುತ್ತಿದ್ದದ್ದು ಯಾತರಿಂದ? 1942ರಲ್ಲಿ ಬಾಸ್ಟನ್ನಿನ ನೇತ್ರತಜ್ಞ ಥಿಯೋಡರ್ ಟೆರಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದರು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡರು. ವಿಚಿತ್ರವೆಂದರೆ, ಒಳ್ಳೆಯ ಆಸ್ಪತ್ರೆಗಳಲ್ಲೇ ಇದು ಹೆಚ್ಚು. ಹೊಸ ಇನ್‌ಕ್ಯುಬೇಟರುಗಳಲ್ಲಿ ಕೂಸಿಗೆ ಧಾರಾಳವಾಗಿ ಆಮ್ಲಜನಕ ಕೊಡುವುದೇ ಶ್ರೇಷ್ಠ ಆರೈಕೆ ಎನಿಸಿದ್ದ ಕಾಲ ಅದು. ಅತಿಯಾದ ಆಮ್ಲಜನಕ ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಇನ್ನೂ ಬೆಳೆಯುತ್ತಿರುವ ರಕ್ತನಾಳಗಳನ್ನು ಅರ್ಧಕ್ಕೇ ತಡೆಯುತ್ತದೆ. ಆಮೇಲೆ ಅಡ್ಡಾದಿಡ್ಡಿಯಾಗಿ ಬೆಳೆಯುವ ನಾಳಗಳು ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ.

ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ 1951ರಲ್ಲೇ ಆಮ್ಲಜನಕದ ಕಡೆ ಬೊಟ್ಟು ಮಾಡಿದ್ದರು. ಅಷ್ಟರಲ್ಲೇ ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಜ್ ಎಂಬ ಯುವ ವೈದ್ಯರು ಕೆಲವು ಮಕ್ಕಳಿಗೆ ಹೆಚ್ಚು, ಕೆಲವು ಮಕ್ಕಳಿಗೆ ಕಡಿಮೆ ಆಮ್ಲಜನಕ ಕೊಟ್ಟು ಹೋಲಿಸತೊಡಗಿದ್ದರು. ಕಡಿಮೆ ಕೊಟ್ಟರೆ ಮಕ್ಕಳು ಸತ್ತೇ ಹೋಗುತ್ತವೆ ಎಂದು ನಂಬಿದ್ದ ಕೆಲವು ದಾದಿಯರು ರಾತ್ರಿ ಹೊತ್ತು ಗುಟ್ಟಾಗಿ ಆಮ್ಲಜನಕದ ನಲ್ಲಿ ತಿರುಗಿಸಿ ಹೆಚ್ಚಿಸುತ್ತಿದ್ದರಂತೆ. ಅವರ ಕರುಣೆ ನಿಜವಾದದ್ದೇ. ಆದರೆ ಆ ಕರುಣೆಯೇ ಕಣ್ಣುಗಳನ್ನು ತೆಗೆಯುತ್ತಿತ್ತು. 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ದೊಡ್ಡ ಅಧ್ಯಯನ ನಡೆಸಿದವು. ಮರುವರ್ಷವೇ ಉತ್ತರ ಸಿಕ್ಕಿತು. ಆಮ್ಲಜನಕ ಮಿತಿಗೊಳಿಸಿದ ಮಕ್ಕಳಲ್ಲಿ ಕುರುಡುತನ ಬಹಳ ಕಡಿಮೆಯಾಗಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಲ್ಲೆಡೆ ಆಮ್ಲಜನಕ ಕಡಿಮೆ ಮಾಡಿದ್ದರಿಂದ ಕಣ್ಣುಗಳೇನೋ ಉಳಿದವು, ಆದರೆ ಉಸಿರಾಟದ ತೊಂದರೆಯಿದ್ದ ಕೂಸುಗಳು ಸತ್ತವು. ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು 16 ಮಕ್ಕಳ ಜೀವ ಹೋಗಿರಬಹುದು ಎಂದು 1973ರಲ್ಲಿ ಒಬ್ಬ ಬ್ರಿಟಿಷ್ ಸಂಶೋಧಕರು ಅಂದಾಜಿಸಿದರು. ಹಾಗಾದರೆ ಸರಿಯಾದ ಮಟ್ಟ ಯಾವುದು? 2010ರಲ್ಲಿ ಪ್ರಕಟವಾದ, 1,316 ಶಿಶುಗಳ ಸಪೋರ್ಟ್ ಎಂಬ ಅಧ್ಯಯನ ಇದನ್ನೇ ಕೇಳಿತು. ರಕ್ತದಲ್ಲಿ ಆಮ್ಲಜನಕದ ಮಟ್ಟವನ್ನು ಶೇ 85ರಿಂದ 89ರಲ್ಲಿ ಇಟ್ಟವರಲ್ಲಿ ತೀವ್ರ ಕಣ್ಣಿನ ಕಾಯಿಲೆ ಶೇ 8.6, ಶೇ 91ರಿಂದ 95ರಲ್ಲಿ ಇಟ್ಟವರಲ್ಲಿ ಶೇ 17.9. ಆದರೆ ಸಾವು ಕಡಿಮೆ ಮಟ್ಟದವರಲ್ಲಿ ಶೇ 19.9, ಹೆಚ್ಚಿನ ಮಟ್ಟದವರಲ್ಲಿ ಶೇ 16.2. ಕಣ್ಣನ್ನು ಮಾತ್ರ ಲೆಕ್ಕಕ್ಕಿಟ್ಟಿದ್ದರೆ ತಪ್ಪು ಮಟ್ಟವೇ ಗೆಲ್ಲುತ್ತಿತ್ತು. ಆದ್ದರಿಂದ ಎರಡನೇ ಪ್ರಶ್ನೆ: ಏನನ್ನು ಅಳೆದರು, ಏನನ್ನು ಅಳೆಯದೆ ಬಿಟ್ಟರು?

ತಿಂಗಳು ತುಂಬದ ಕೂಸುಗಳ ಈ ಕಣ್ಣಿನ ಕಾಯಿಲೆ ಕನ್ನಡನಾಡಿನ ಮನೆಗಳಿಗೂ ಹತ್ತಿರದ್ದು. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳು ಇಂದು ಒಂದು ಕಿಲೋ ಆಸುಪಾಸಿನ ಮಕ್ಕಳನ್ನೂ ಉಳಿಸುತ್ತಿವೆ. ಉಳಿದ ಮಕ್ಕಳ ಕಣ್ಣು ನೋಡುವವರು ಬೇಕಲ್ಲ? ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾ ಹೊತ್ತು ದೂರದ ಊರುಗಳ ಶಿಶು ಘಟಕಗಳಿಗೆ ಹೋಗಿ ರೆಟಿನಾದ ಚಿತ್ರ ತೆಗೆಯುತ್ತಾರೆ, ತಜ್ಞರು ಕುಳಿತಲ್ಲಿಂದಲೇ ಅದನ್ನು ನೋಡಿ ಹೇಳುತ್ತಾರೆ. ತಂದೆತಾಯಿ ನೆನಪಿಡಬೇಕಾದ ಲೆಕ್ಕ ಸರಳ. ಮಗು 34 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕವಿದ್ದರೆ, ಹುಟ್ಟಿದ 30 ದಿನಗಳೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ ಅಥವಾ 1,200 ಗ್ರಾಂಗಿಂತ ಹಗುರವಾದ ಮಗುವಿಗೆ ಎರಡರಿಂದ ಮೂರು ವಾರದಲ್ಲೇ. ಹೊರಗಿನಿಂದ ನೋಡಿದರೆ ಕಣ್ಣು ಲಕ್ಷಣವಾಗಿಯೇ ಕಾಣುತ್ತದೆ, ಅದಕ್ಕೇ ಮೋಸ ಹೋಗುವುದು. ಆಸ್ಪತ್ರೆಯವರು ಮರೆತರೂ ತಾಯಿ ಮರೆಯಬಾರದು. ಡಿಸ್ಚಾರ್ಜ್ ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ಬರೆಸಿಕೊಂಡೇ ಹೊರಡಬೇಕು.

ಹೊಸದು, ದುಬಾರಿ, ಉತ್ತಮ?

ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ತಾಗಿ ಹುಣ್ಣಾಗುವುದು ಹಳ್ಳಿಗಳಲ್ಲಿ ನಿತ್ಯದ ಮಾತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಈ ಹುಣ್ಣಿಗೆ ಅನೇಕ ಸಲ ಶಿಲೀಂಧ್ರ, ಅಂದರೆ ಫಂಗಸ್ ಕಾರಣ. ಇದಕ್ಕೆ ನಟಾಮೈಸಿನ್ ಎಂಬ ಹಳೆಯ ಡ್ರಾಪ್ಸ್ ಇದೆ. ವೊರಿಕೊನಜೋಲ್ ಎಂಬ ಹೊಸ ಔಷಧ ಬಂದಾಗ, ಅದು ಕಣ್ಣಿನೊಳಗೆ ಚೆನ್ನಾಗಿ ಇಳಿಯುತ್ತದೆ, ಪ್ರಯೋಗಾಲಯದಲ್ಲಿ ಹೆಚ್ಚು ಫಂಗಸ್‌ಗಳನ್ನು ಕೊಲ್ಲುತ್ತದೆ ಎಂದು ಅನೇಕ ವೈದ್ಯರು ಅದರ ಕಡೆ ವಾಲಿದರು. ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳು ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಕ್ಟರ್ ಫೌಂಡೇಶನ್ ಜೊತೆ ಸೇರಿ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದವು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು. 2013ರಲ್ಲಿ ಬಂದ ಫಲಿತಾಂಶದಲ್ಲಿ ಹಳೆಯ ನಟಾಮೈಸಿನ್ ಗೆದ್ದಿತು. ಅದನ್ನು ಪಡೆದವರ ದೃಷ್ಟಿ ಉತ್ತಮವಾಗಿತ್ತು, ಕಾರ್ನಿಯಾ ತೂತಾದದ್ದು ಅಥವಾ ಕಸಿ ಮಾಡಬೇಕಾಗಿ ಬಂದದ್ದೂ ಕಡಿಮೆ. ಫ್ಯುಸೇರಿಯಂ ಎಂಬ ಫಂಗಸ್ ಇದ್ದವರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಪ್ರಯೋಗಾಲಯದ ಗಾಜಿನ ತಟ್ಟೆ ಹೇಳಿದ್ದನ್ನು ಮನುಷ್ಯರ ಕಣ್ಣು ಒಪ್ಪಲಿಲ್ಲ.

ನಮ್ಮದೇ ಹೊಲಗದ್ದೆಗಳ ಕಾಯಿಲೆಗೆ ನಮ್ಮ ಪಕ್ಕದಲ್ಲೇ ನಡೆದ ಈ ಅಧ್ಯಯನದ ಸಾರ ಪ್ರತಿ ರೈತನ ಮನೆಗೂ ತಲುಪಬೇಕು. ಕಣ್ಣಿಗೆ ಪೆಟ್ಟಾಗಿ ಕೆಂಪೇರಿ ನೋಯುತ್ತಿದ್ದರೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡಬಾರದು. ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಕ್ಕ ಡ್ರಾಪ್ಸ್ ತರುವುದಂತೂ ಇನ್ನೂ ಅಪಾಯ, ಏಕೆಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಫಂಗಸ್ ಹುಣ್ಣು ಉಲ್ಬಣಿಸುತ್ತದೆ. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಯಾಕ್ಟೀರಿಯಾವೋ ಫಂಗಸ್ಸೋ ಎಂದು ತಿಳಿದು ಔಷಧ ಕೊಡುವ ಆಸ್ಪತ್ರೆಗೆ ಅದೇ ದಿನ ಹೋಗಬೇಕು.

ಬೆಲೆಯ ಪ್ರಶ್ನೆಗೆ ಇನ್ನೊಂದು ದೊಡ್ಡ ಉದಾಹರಣೆ ಇದೆ. ವಯಸ್ಸಾದವರಲ್ಲಿ ರೆಟಿನಾದ ನಡುಭಾಗ ಹಾಳಾಗುವ ಕಾಯಿಲೆಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲುಸೆಂಟಿಸ್‌ಗೆ ಆಗ ಅಲ್ಲಿ ಒಂದು ಡೋಸಿಗೆ ಸುಮಾರು 2,000 ಡಾಲರ್ ಇತ್ತು. ಅದೇ ಕಂಪನಿ ಕರುಳಿನ ಕ್ಯಾನ್ಸರಿಗೆಂದು ತಯಾರಿಸಿದ ಅವಾಸ್ಟಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಕೊಟ್ಟರೆ ಸುಮಾರು 50 ಡಾಲರ್ ಆಗುತ್ತಿತ್ತು. ಫ್ಲಾರಿಡಾದ ಫಿಲಿಪ್ ರೋಸೆನ್‌ಫೆಲ್ಡ್ 2005ರಲ್ಲಿ ಅದನ್ನು ಕಣ್ಣಿಗೆ ಕೊಟ್ಟು ನೋಡಿದ ಮೇಲೆ ಜಗತ್ತಿನ ವೈದ್ಯರೆಲ್ಲ ಬಳಸತೊಡಗಿದರು. ಎರಡೂ ಸಮವೇ? ಉತ್ತರಕ್ಕೆ ಹಣ ಹೂಡಿದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ನೇತ್ರ ಸಂಸ್ಥೆ. ಸುಮಾರು 1,200 ರೋಗಿಗಳ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಪ್ರತಿ ತಿಂಗಳು ಇಂಜೆಕ್ಷನ್ ಪಡೆದವರಲ್ಲಿ, ಒಂದು ವರ್ಷದಲ್ಲಿ ಅವಾಸ್ಟಿನ್‌ನವರು ಅಕ್ಷರಫಲಕದಲ್ಲಿ ಸರಾಸರಿ 8.0 ಅಕ್ಷರ, ಲುಸೆಂಟಿಸ್‌ನವರು 8.5 ಅಕ್ಷರ ಹೆಚ್ಚು ಓದಿದರು. ದೃಷ್ಟಿಯ ಲೆಕ್ಕದಲ್ಲಿ ಎರಡೂ ಸಮಸಮ.

ಹಾಗೆಂದು ಅಗ್ಗದ್ದೇ ಯಾವಾಗಲೂ ಸಾಕು ಎಂದಲ್ಲ. ಸಕ್ಕರೆ ಕಾಯಿಲೆಯಿಂದ ರೆಟಿನಾ ಊದಿಕೊಂಡ 660 ರೋಗಿಗಳಲ್ಲಿ ಮೂರು ಇಂಜೆಕ್ಷನ್‌ಗಳನ್ನು ಹೋಲಿಸಿದ 2015ರ ಅಧ್ಯಯನದಲ್ಲಿ, ದೃಷ್ಟಿ ಸ್ವಲ್ಪವೇ ಕುಂದಿದ್ದವರಿಗೆ ಮೂರೂ ಒಂದೇ ಆಗಿದ್ದವು. ಹೆಚ್ಚು ಕುಂದಿದ್ದವರಿಗೆ ಮಾತ್ರ ಮೊದಲ ವರ್ಷ ಅಫ್ಲಿಬರ್‌ಸೆಪ್ಟ್ ಎಂಬುದು ಮೇಲುಗೈ ಸಾಧಿಸಿತು. ಹಾಗಾಗಿ ವೈದ್ಯರು ಬೆಲೆಯ ಪಟ್ಟಿ ಮುಂದಿಟ್ಟಾಗ ರೋಗಿ ನಾಚಿಕೊಳ್ಳದೆ ಕೇಳಬಹುದು: 'ನನ್ನ ಕಾಯಿಲೆಗೆ, ನನ್ನ ಈಗಿನ ದೃಷ್ಟಿಗೆ, ಇವುಗಳಲ್ಲಿ ವ್ಯತ್ಯಾಸ ಕಂಡಿದೆಯೇ?' ಅವಾಸ್ಟಿನ್ ತೆಗೆದುಕೊಳ್ಳುವುದಾದರೆ ಇನ್ನೊಂದು ಪ್ರಶ್ನೆಯೂ ಬೇಕು. ಒಂದೇ ಶೀಶೆಯನ್ನು ಹಲವು ಸಿರಿಂಜುಗಳಿಗೆ ಹಂಚುವಾಗ ಸೋಂಕು ತಗಲುವ ಸಾಧ್ಯತೆ ಇರುವುದರಿಂದ, ಆ ಹಂಚಿಕೆ ಎಲ್ಲಿ, ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು.

ಶೇಕಡಾವಾರಿನ ಒಳಗುಟ್ಟು

'ಗ್ಲಾಕೋಮಾದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಸುವ ಡ್ರಾಪ್ಸ್' ಎಂಬ ತಲೆಬರಹ ಓದಿದರೆ ಯಾರಾದರೂ ಆ ಡ್ರಾಪ್ಸ್ ಕೊಳ್ಳಲು ಓಡುತ್ತಾರೆ. ಕಣ್ಣಿನ ಒತ್ತಡ ಹೆಚ್ಚಿದ್ದು, ದೃಷ್ಟಿನರವನ್ನು ಕೆಡಿಸುವ ಗ್ಲಾಕೋಮಾ ಇನ್ನೂ ಬಾರದ 1,636 ಜನರನ್ನು ಐದು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಡ್ರಾಪ್ಸ್ ಹಾಕಿಕೊಂಡವರಲ್ಲಿ ಶೇ 4.4 ಜನರಿಗೆ, ಹಾಕಿಕೊಳ್ಳದವರಲ್ಲಿ ಶೇ 9.5 ಜನರಿಗೆ ಗ್ಲಾಕೋಮಾ ಬಂತು. ತಲೆಬರಹ ಸುಳ್ಳಲ್ಲ. ಆದರೆ ಏನೂ ಹಾಕಿಕೊಳ್ಳದ ನೂರು ಜನರಲ್ಲಿ ತೊಂಬತ್ತು ಜನ ಆ ಐದು ವರ್ಷ ಆರಾಮವಾಗಿಯೇ ಇದ್ದರು ಎಂಬುದೂ ಅಷ್ಟೇ ನಿಜ. ಕಾರ್ನಿಯಾ ತೆಳುವಾಗಿರುವವರು, ಒತ್ತಡ ತುಂಬಾ ಹೆಚ್ಚಿರುವವರು ಚಿಕಿತ್ಸೆ ಆರಂಭಿಸಬೇಕಾಗಬಹುದು, ಉಳಿದವರು ನಿಯಮಿತ ತಪಾಸಣೆಯಲ್ಲಿದ್ದರೂ ಸಾಕಾಗಬಹುದು. ಶೇಕಡಾವಾರು ಕೇಳಿದಾಗಲೆಲ್ಲ ಅದನ್ನು ನೂರು ಜನರ ಲೆಕ್ಕಕ್ಕೆ ಇಳಿಸಿ ನೋಡುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಕಣ್ಣಿನ ವಿಟಮಿನ್ ಮಾತ್ರೆಗಳ ವಿಷಯವೂ ಹೀಗೇ. 2001ರಲ್ಲಿ ಬಂದ ಏರೆಡ್ಸ್ ಅಧ್ಯಯನ, ಗೊತ್ತುಮಾಡಿದ ಪ್ರಮಾಣದ ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟಿನ್, ಸತು ಮತ್ತು ತಾಮ್ರ ಸೇರಿದ ಮಿಶ್ರಣವು ರೆಟಿನಾದ ವಯೋಸಹಜ ಕಾಯಿಲೆ ತೀವ್ರ ಹಂತಕ್ಕೆ ಹೋಗುವುದನ್ನು ಐದು ವರ್ಷಗಳಲ್ಲಿ ಸುಮಾರು ಶೇ 25ರಷ್ಟು ತಗ್ಗಿಸಿತು ಎಂದಿತು. ಈ ಲಾಭ ಆಗಿದ್ದು ಕಾಯಿಲೆ ಆಗಲೇ ಮಧ್ಯಮ ಹಂತದಲ್ಲಿದ್ದವರಿಗೆ ಅಥವಾ ಒಂದು ಕಣ್ಣು ಹಾಳಾಗಿದ್ದವರಿಗೆ. ಕಾಯಿಲೆಯೇ ಇಲ್ಲದವರಿಗೆ ಅದು ಬಾರದಂತೆ ತಡೆಯುತ್ತದೆ ಎಂದು ತೋರಲಿಲ್ಲ, ಕಣ್ಣಿನ ಪೊರೆಯನ್ನೂ ತಡೆಯಲಿಲ್ಲ. ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುತ್ತದೆ ಎಂದು ಬೇರೆ ಅಧ್ಯಯನಗಳಿಂದ ತಿಳಿದಿತ್ತು. ಹಾಗಾಗಿ 2013ರ ಎರಡನೇ ಅಧ್ಯಯನದ ನಂತರ ಅದರ ಜಾಗಕ್ಕೆ ಲ್ಯೂಟಿನ್ ಮತ್ತು ಜಿಯಾಜಾಂಥಿನ್ ಬಂದವು. ಬೀಡಿ, ಸಿಗರೇಟು ಸೇದುವವರು ಮತ್ತು ಹಿಂದೆ ಸೇದುತ್ತಿದ್ದವರು ಮಾತ್ರೆಯ ಡಬ್ಬಿಯ ಮೇಲೆ ಬೀಟಾ ಕ್ಯಾರೊಟಿನ್ ಎಂದಿದೆಯೇ ಎಂದು ಓದಿ ನೋಡಬೇಕು.

ಮಕ್ಕಳ ಸಮೀಪದೃಷ್ಟಿಗೆ ಕೊಡುವ ಅಟ್ರೋಪಿನ್ ಡ್ರಾಪ್ಸ್ ಬಗ್ಗೆ ತಂದೆತಾಯಂದಿರು ಈಗ ಬಹಳ ಕೇಳುತ್ತಾರೆ. ಹಾಂಗ್‌ಕಾಂಗ್‌ನ ಅಧ್ಯಯನದಲ್ಲಿ ಶೇ 0.05ರ ಡ್ರಾಪ್ಸ್ ಪವರ್ ಏರುವುದನ್ನು ಚೆನ್ನಾಗಿ ನಿಧಾನಿಸಿತು. ಅಮೆರಿಕದಲ್ಲಿ 187 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 0.01ರ ಡ್ರಾಪ್ಸ್‌ಗೂ ಔಷಧವಿಲ್ಲದ ಡ್ರಾಪ್ಸ್‌ಗೂ ವ್ಯತ್ಯಾಸವೇ ಕಾಣಲಿಲ್ಲ. ಒಂದೇ ಔಷಧ, ಪ್ರಮಾಣ ಬೇರೆ, ಮಕ್ಕಳೂ ಬೇರೆ. ಖರ್ಚಿಲ್ಲದ ಒಂದು ಉಪಾಯಕ್ಕೂ ಗಟ್ಟಿ ಸಾಕ್ಷಿ ಇದೆ. ಚೀನಾದ ಗ್ವಾಂಗ್‌ಜೌನಲ್ಲಿ ಕೆಲವು ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಬಯಲಿನ ಚಟುವಟಿಕೆ ಕೊಟ್ಟರು. ಮೂರು ವರ್ಷದ ನಂತರ ಅವರಲ್ಲಿ ಶೇ 30.4 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅಧ್ಯಯನಕ್ಕೆ ಸೇರಲು ಕರೆದರೆ

ದೊಡ್ಡ ಕಣ್ಣಾಸ್ಪತ್ರೆಗೆ ಹೋದವರಿಗೆ ಎಂದಾದರೂ ಒಂದು ದಿನ ವೈದ್ಯರು 'ಒಂದು ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ?' ಎಂದು ಕೇಳಬಹುದು. ಹೆದರಿ ಓಡಬೇಕಿಲ್ಲ, ದೊಡ್ಡ ಡಾಕ್ಟರು ಕೇಳಿದರಲ್ಲ ಎಂದು ಅಲ್ಲೇ ಸಹಿ ಹಾಕಲೂಬೇಕಿಲ್ಲ. ಮೇಲೆ ಹೇಳಿದ ಹೆಚ್ಚಿನ ಉತ್ತರಗಳು ಸಾಮಾನ್ಯ ರೋಗಿಗಳು ಹೀಗೆ ಸೇರಲು ಒಪ್ಪಿದ್ದರಿಂದಲೇ ಸಿಕ್ಕಿದ್ದು. 1970ರ ದಶಕದ ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರು ತಮ್ಮ ಒಂದು ಕಣ್ಣಿಗೆ ಲೇಸರ್ ಮಾಡಿಸಿಕೊಂಡು, ಇನ್ನೊಂದನ್ನು ಹಾಗೆಯೇ ಬಿಡಲು ಒಪ್ಪಿದರು. ಲೇಸರ್ ಕಂಡ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕೂ ಕೆಳಗಿಳಿಯಿತು. ಇದು ಸ್ಪಷ್ಟವಾದ ಕೂಡಲೇ, 1976ರಲ್ಲಿ, ಬಿಟ್ಟ ಕಣ್ಣುಗಳಿಗೂ ಚಿಕಿತ್ಸೆ ಕೊಡುವಂತೆ ನಿಯಮ ಬದಲಾಯಿಸಿದರು. ಇಂದು ಬೀದರಿನಿಂದ ಚಾಮರಾಜನಗರದವರೆಗೆ ಸಕ್ಕರೆ ಕಾಯಿಲೆಯವರ ಕಣ್ಣಿಗೆ ಲೇಸರ್ ಮಾಡುವ ಹಿಂದೆ ಆ ಜನರ ಒಪ್ಪಿಗೆ ಇದೆ.

ಮೊದಲು ನೋಡಬೇಕಾದದ್ದು ನೋಂದಣಿ. ಭಾರತದಲ್ಲಿ ನಡೆಯುವ ಅಧ್ಯಯನಗಳು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ, ಎಂಬ ಸಾರ್ವಜನಿಕ ದಾಖಲೆಯಲ್ಲಿ ಇರುತ್ತವೆ. ಇದು 2007ರಲ್ಲಿ ಆರಂಭವಾಯಿತು, ಔಷಧ ಪ್ರಯೋಗಗಳಿಗೆ 2009ರಿಂದ ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುನ್ನವೇ ನೋಂದಾಯಿಸಬೇಕು. ಪ್ರತಿ ಅಧ್ಯಯನಕ್ಕೂ ಸಿಟಿಆರ್‌ಐ ಎಂದು ಆರಂಭವಾಗಿ ವರ್ಷ, ತಿಂಗಳು ಬರುವ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೇಳಿ ಬರೆದುಕೊಂಡರೆ ಯಾವ ಔಷಧ, ಯಾರ ಹಣ, ಯಾವ ಆಸ್ಪತ್ರೆಗಳು, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾವುದರ ಜೊತೆ ಹೋಲಿಸುತ್ತಾರೆ ಎಂಬುದೆಲ್ಲ ಉಚಿತವಾಗಿ ಓದಲು ಸಿಗುತ್ತದೆ. ವಿವರ ಇಂಗ್ಲಿಷಿನಲ್ಲಿರುತ್ತದೆ, ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಬಹುದು.

ನೆನಪಿರಲಿ, ನೋಂದಣಿ ಎಂದರೆ ಅನುಮತಿಯಲ್ಲ. ಅನುಮತಿಗೆ ಎಥಿಕ್ಸ್ ಕಮಿಟಿ ಇದೆ, ಹೊಸ ಔಷಧವಾದರೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆಯೂ ಬೇಕು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅವರಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು, ಕಾನೂನು ಬಲ್ಲವರೊಬ್ಬರು, ಕಡೇ ಪಕ್ಷ ಒಬ್ಬ ಮಹಿಳೆ ಇರಬೇಕು. ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಈ ಕಮಿಟಿಯನ್ನು ಸಂಪರ್ಕಿಸುವ ವಿವರ ಒಪ್ಪಿಗೆ ಪತ್ರದಲ್ಲಿರುತ್ತದೆ. ಅದು ರೋಗಿಗಾಗಿಯೇ ಕೊಟ್ಟದ್ದು, ಸಂಶಯ ಬಂದಾಗ ಧಾರಾಳವಾಗಿ ಬಳಸಬಹುದು.

ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕು. ಓದಲು ಬಾರದವರಿಗೆ ಓದಿ ಹೇಳುವಾಗ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಪ್ರತಿಯನ್ನು ಮನೆಗೆ ಒಯ್ದು, ಓದಿ, ಊರಿನ ವೈದ್ಯರಿಗೆ ತೋರಿಸಿ, ಮರುವಾರ ಬಂದು ಹೇಳುತ್ತೇನೆ ಎನ್ನಲೂಬಹುದು. ಪತ್ರ ಓದುವಾಗ ಅಪಾಯದ ಭಾಗದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ಸಪೋರ್ಟ್ ಅಧ್ಯಯನದ ವಿಷಯದಲ್ಲೇ 2013ರಲ್ಲಿ ಅಮೆರಿಕದ ಸರ್ಕಾರಿ ಕಚೇರಿಯೊಂದು ತಕರಾರು ತೆಗೆಯಿತು. ಮಗು ಯಾವ ಗುಂಪಿಗೆ ಬೀಳುತ್ತದೆ ಎಂಬುದರ ಮೇಲೆ ಕುರುಡುತನದ ಮತ್ತು ಸಾವಿನ ಸಾಧ್ಯತೆ ಬದಲಾಗಬಹುದೆಂದು ತಂದೆತಾಯಿಗೆ ಸ್ಪಷ್ಟವಾಗಿ ಹೇಳಿರಲಿಲ್ಲ ಎಂಬುದು ಆ ತಕರಾರು. ವೈದ್ಯಲೋಕದಲ್ಲಿ ಇದರ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಒಳ್ಳೆಯ ಉದ್ದೇಶದ, ಒಳ್ಳೆಯ ಸಂಸ್ಥೆಗಳ ಅಧ್ಯಯನದಲ್ಲೂ ಪತ್ರ ಅಪೂರ್ಣವಾಗಿರಬಹುದು. ಆದ್ದರಿಂದ ಬಾಯಿಬಿಟ್ಟು ಕೇಳುವುದೇ ಸರಿ: 'ನಾನು ಸೇರದಿದ್ದರೆ ಯಾವ ಚಿಕಿತ್ಸೆ ಕೊಡುತ್ತೀರಿ? ಸೇರಿದರೆ ಅದಕ್ಕಿಂತ ಕಡಿಮೆ ಸಿಗುವ ಸಾಧ್ಯತೆ ಇದೆಯೇ? ಔಷಧವಿಲ್ಲದ ಡ್ರಾಪ್ಸ್ ನನ್ನ ಪಾಲಿಗೆ ಬಂದರೆ, ಕಣ್ಣು ಕೆಡುತ್ತಿದೆ ಎಂದು ಯಾವಾಗ ಗಮನಿಸುತ್ತೀರಿ? ಎಷ್ಟು ಸಲ ಬರಬೇಕು, ಬಸ್ ಚಾರ್ಜು ಯಾರದು?'

ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ. ಅಧ್ಯಯನವೇ ಕಾರಣವೆಂದು ನಿರ್ಧಾರವಾದರೆ ಪರಿಹಾರವನ್ನೂ ಕೊಡಬೇಕು. ಗಂಭೀರ ತೊಂದರೆಯನ್ನು ವೈದ್ಯರು 24 ಗಂಟೆಯೊಳಗೆ ಎಥಿಕ್ಸ್ ಕಮಿಟಿಗೂ ಸರ್ಕಾರಕ್ಕೂ ವರದಿ ಮಾಡಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹಾಗೆ ಬಂದರೆ ಮಾಮೂಲಿ ಚಿಕಿತ್ಸೆಗೆ ಕುಂದು ಬರುವಂತಿಲ್ಲ.

ಹಣ ಕೇಳಿದರೆ?

2017ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ಮೂವರು ಮಹಿಳೆಯರ ದುರಂತವನ್ನು ವರದಿ ಮಾಡಿತು. ಮೂವರೂ ಎಪ್ಪತ್ತು ದಾಟಿದವರು, ರೆಟಿನಾದ ವಯೋಸಹಜ ಕಾಯಿಲೆಯವರು. ಫ್ಲಾರಿಡಾದ ಖಾಸಗಿ ಕ್ಲಿನಿಕ್ ಒಂದರಲ್ಲಿ ಅವರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗಳನ್ನು ಎರಡೂ ಕಣ್ಣುಗಳಿಗೆ ಒಂದೇ ದಿನ ಚುಚ್ಚಲಾಯಿತು. ಇದಕ್ಕೆ ತಲಾ 5,000 ಡಾಲರ್ ಪಡೆಯಲಾಗಿತ್ತು. ಮೂವರ ದೃಷ್ಟಿಗೂ ತೀವ್ರ ಹಾನಿಯಾಯಿತು. ಅಲ್ಲಿನ ಸರ್ಕಾರಿ ನೋಂದಣಿಯಲ್ಲಿ ಆ ಕ್ಲಿನಿಕ್ಕಿನ ಹೆಸರಿನಲ್ಲಿ ಅಧ್ಯಯನವೊಂದು ದಾಖಲಾಗಿದ್ದರಿಂದ ತಾವು ಸಂಶೋಧನೆಯಲ್ಲಿ ಪಾಲ್ಗೊಳ್ಳುತ್ತಿದ್ದೇವೆ ಎಂದೇ ನಂಬಿದವರೂ ಅವರಲ್ಲಿದ್ದರು.

ಇಲ್ಲಿ ಎರಡು ಎಚ್ಚರಿಕೆಯ ಗಂಟೆಗಳು ಜೋರಾಗಿಯೇ ಮೊಳಗಿದ್ದವು. ಪ್ರಯೋಗದ ಹಂತದ ಚಿಕಿತ್ಸೆಗೆ ರೋಗಿಯ ಕೈಯಿಂದ ದುಡ್ಡು ಪಡೆಯುವುದು ಒಂದು. ಸಾಬೀತಾಗದ ಇಂಜೆಕ್ಷನ್ನನ್ನು ಎರಡೂ ಕಣ್ಣಿಗೆ ಒಂದೇ ದಿನ ಕೊಡುವುದು ಇನ್ನೊಂದು. ಇವೆರಡರಲ್ಲಿ ಒಂದು ಕಂಡರೂ ಎದ್ದು ಬರಬೇಕು.

ಇಂಥ ಕ್ಲಿನಿಕ್ಕುಗಳ ಬಲೆಗೆ ಬೇಗ ಬೀಳುವವರು ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಕುಟುಂಬಗಳು. ಇರುಳುಗುರುಡಿನಿಂದ ಶುರುವಾಗಿ ನಿಧಾನಕ್ಕೆ ದೃಷ್ಟಿಯ ಅಂಚುಗಳನ್ನು ನುಂಗುವ ಈ ಆನುವಂಶಿಕ ಕಾಯಿಲೆ ಸಂಬಂಧದಲ್ಲೇ ಮದುವೆಯಾಗುವ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ. 2017ರ ಡಿಸೆಂಬರಿನಲ್ಲಿ ಅಮೆರಿಕ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ ಅನುಮತಿ ಕೊಟ್ಟಾಗ ಇವರಲ್ಲಿ ದೊಡ್ಡ ಆಸೆ ಚಿಗುರಿತು. ಆ ಚಿಕಿತ್ಸೆ ಕೆಲಸ ಮಾಡುವುದು ನಿಜ. ಮಬ್ಬು ಬೆಳಕಿನಲ್ಲಿ ಅಡೆತಡೆಗಳ ನಡುವೆ ನಡೆಯುವ ಪರೀಕ್ಷೆಯಲ್ಲಿ ಅದನ್ನು ಪಡೆದವರು ಸ್ಪಷ್ಟವಾಗಿ ಸುಧಾರಿಸಿದ್ದರು. ಆದರೆ ಅದು ಆರ್‌ಪಿಇ65 ಎಂಬ ಒಂದೇ ಒಂದು ಜೀನಿನ ದೋಷಕ್ಕೆ ಮಾತ್ರ. ಮಾರುಕಟ್ಟೆಗೆ ಬಂದಾಗ ಎರಡೂ ಕಣ್ಣಿಗೆ ಅಲ್ಲಿ 8,50,000 ಡಾಲರ್ ಬೆಲೆ ಇತ್ತು. ಈ ಕಾಯಿಲೆಗೆ ಕಾರಣವಾಗುವ ಜೀನುಗಳು ಹತ್ತಾರು. ಹಾಗಾಗಿ ಇಂಥ ಕುಟುಂಬ ಮೊದಲು ಖರ್ಚು ಮಾಡಬೇಕಾದದ್ದು ಜೀನ್ ಪರೀಕ್ಷೆಗೆ. ಯಾವ ಜೀನು ಎಂದು ತಿಳಿದಿದ್ದರೆ, ಆ ಜೀನಿಗೆ ನಿಜವಾದ ಅಧ್ಯಯನ ಎಲ್ಲಿಯಾದರೂ ತೆರೆದಾಗ ತಮಗೆ ಅನ್ವಯಿಸುತ್ತದೆಯೇ ಎಂದು ಕೂಡಲೇ ಗೊತ್ತಾಗುತ್ತದೆ.

ಬೇರೆ ಕಾಯಿಲೆಯ ಮಾತ್ರೆ, ಕಣ್ಣಿನ ಮೇಲೆ ಕಣ್ಣು

ಮೈಯ ಬೇರೆ ಕಾಯಿಲೆಗಳ ಸಂಶೋಧನೆಯೂ ಕಣ್ಣಿಗೆ ಬಂದು ತಾಗುತ್ತದೆ. 1993ರಲ್ಲಿ ಬಂದ ಡಿಸಿಸಿಟಿ ಅಧ್ಯಯನ, ಟೈಪ್ 1 ಸಕ್ಕರೆ ಕಾಯಿಲೆಯ 1,441 ಜನರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ರೆಟಿನಾದ ಕಾಯಿಲೆ ಆರಂಭವಾಗುವ ಅಪಾಯ ಶೇ 76ರಷ್ಟು ಇಳಿಯುತ್ತದೆ ಎಂದು ತೋರಿಸಿತು. ಅದೇ ಅಧ್ಯಯನ ಇನ್ನೊಂದನ್ನೂ ಕಂಡಿತು. ಆಗಲೇ ರೆಟಿನಾ ಕೆಟ್ಟಿದ್ದವರಲ್ಲಿ, ಸಕ್ಕರೆಯನ್ನು ಥಟ್ಟನೆ ಇಳಿಸಿದ ಮೊದಲ ವರ್ಷ ಕಣ್ಣು ಸ್ವಲ್ಪ ಹದಗೆಡಬಹುದು. ಈಗ ತೂಕ ಇಳಿಸಲೂ ಹೆಸರಾಗಿರುವ ಸಕ್ಕರೆ ಕಾಯಿಲೆಯ ಔಷಧ ಸೆಮಾಗ್ಲೂಟೈಡ್‌ನ 2016ರ ಅಧ್ಯಯನದಲ್ಲಿ ಕಣ್ಣಿನ ತೊಡಕು ಔಷಧ ಪಡೆದವರಲ್ಲಿ ಶೇ 3.0, ಪಡೆಯದವರಲ್ಲಿ ಶೇ 1.8 ಇತ್ತು. ಇದು ಔಷಧ ಬಿಡಲು ಕಾರಣವಲ್ಲ. ಸಕ್ಕರೆ ಬೇಗ ಇಳಿಸುವ ಯಾವುದೇ ಚಿಕಿತ್ಸೆ ಶುರುಮಾಡುವ ಮೊದಲು ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿಕೊಳ್ಳಲು ಕಾರಣ.

ಸಂಧಿವಾತಕ್ಕೂ ಲೂಪಸ್‌ಗೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್ ಕಾಲದಲ್ಲಿ ಮನೆಮಾತಾಗಿತ್ತು. ಬ್ರಿಟನ್ನಿನ ರಿಕವರಿ ಅಧ್ಯಯನ 2020ರಲ್ಲಿ ಅದರಿಂದ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲ ಎಂದು ಚೀಟಿ ಎತ್ತುವ ವಿಧಾನದಿಂದಲೇ ಸಾಬೀತುಪಡಿಸಿತು. ಸಂಧಿವಾತಕ್ಕೆ ಅದು ಒಳ್ಳೆಯ ಔಷಧವೇ. ಆದರೆ ವರ್ಷಗಟ್ಟಲೆ ಸೇವಿಸಿದರೆ ರೆಟಿನಾಗೆ ವಿಷವಾಗಬಹುದು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕು, ಮೊದಲ ವರ್ಷದಲ್ಲೇ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಬೇಕು, ಐದು ವರ್ಷದ ನಂತರ ಪ್ರತಿ ವರ್ಷ. ಮೂತ್ರಪಿಂಡದ ತೊಂದರೆ ಇದ್ದವರು ಅಷ್ಟು ಕಾಯಬಾರದು. ಕ್ಷಯದ ಚಿಕಿತ್ಸೆಯಲ್ಲಿರುವ ಎಥಾಂಬುಟಾಲ್ ದೃಷ್ಟಿನರಕ್ಕೆ ಹಾನಿ ಮಾಡಬಲ್ಲದು. ಓದುವಾಗ ಅಕ್ಷರ ಮಂಜಾದರೆ, ಕೆಂಪು ಹಸಿರು ಬಣ್ಣ ಮಂಕಾಗಿ ಕಂಡರೆ, ಮಾತ್ರೆ ಕೊಡುವ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ಅದೇ ದಿನ ಹೇಳಬೇಕು.

ಔಷಧ ಮಾರುಕಟ್ಟೆಗೆ ಬಂದ ಮೇಲೂ ಅದರ ಅಧ್ಯಯನ ನಿಲ್ಲುವುದಿಲ್ಲ. ಕೆಲವು ಸಾವಿರ ಜನರಲ್ಲಿ ಕಾಣದ ಅಡ್ಡಪರಿಣಾಮ ಲಕ್ಷಾಂತರ ಜನ ಬಳಸಿದಾಗ ಕಾಣಬಹುದು. ಅದನ್ನು ದಾಖಲಿಸಲು ಭಾರತದಲ್ಲಿ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ ಇದೆ. ಅದರ ಶುಲ್ಕರಹಿತ ದೂರವಾಣಿ 1800-180-3024. ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ ಕರೆ ಮಾಡಬಹುದು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಯಾವಾಗ ಶುರು ಮಾಡಿದ್ದು, ತೊಂದರೆ ಯಾವ ದಿನ ಕಂಡದ್ದು, ಜೊತೆಗೆ ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಕೈಯಲ್ಲಿಟ್ಟುಕೊಂಡು ಮಾತಾಡಬೇಕು. ಅದಕ್ಕಾಗಿ ಡ್ರಾಪ್ಸ್ ಖಾಲಿಯಾದರೂ ಶೀಶೆ ಮತ್ತು ಪೆಟ್ಟಿಗೆಯನ್ನು ಕೆಲವು ವಾರ ಎತ್ತಿಡುವುದು ಒಳ್ಳೆಯದು.